ಸಹಿ ಹಾಕುವ ಮೊದಲು ಓದೋಣ, ಹಾಕಿದ ಮೇಲೆ ಮಾತು ಉಳಿಸಿಕೊಳ್ಳೋಣ

(ಮಂಗಳೂರಿನ ಕುದ್ರೋಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ, ಮನೆಯೊಳಗಿನ ಹೊಡೆತ ಬಡಿತಗಳ ವಿಷಯ ಮಾತನಾಡಲು ಸೇರುವ ನಾವು ಇಂದು ಕೆಲಸದ ಕರಾರು ಪತ್ರದ ಬಗ್ಗೆ ಮಾತನಾಡುತ್ತಿದ್ದೇವೆ. ಇವೆರಡಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಸಂಬಂಧ ಇದೆ. ವರದಕ್ಷಿಣೆಯ ಒಂದೊಂದು ಪ್ರಕರಣ ಬಂದಾಗಲೂ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? "ಕೊಟ್ಟದ್ದಕ್ಕೆ ಏನಾದರೂ ಬರಹ ಇದೆಯೇ?" ಎಂದು. ಉತ್ತರ ಯಾವಾಗಲೂ ಒಂದೇ: "ಇಲ್ಲ ಅಕ್ಕಾ, ನಂಬಿಕೆಯ ಮೇಲೆ ಕೊಟ್ಟದ್ದು."

1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ನಿಯಮಗಳು ಬಂದವು. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಒಂದು, ವರನಿಗೆ ಬಂದದ್ದರ ಪಟ್ಟಿ ಒಂದು ಬರೆದಿಡಬೇಕು, ಕೊಟ್ಟವರು ಯಾರು, ಬೆಲೆ ಅಂದಾಜು ಎಷ್ಟು ಎಂದು ಕಾಣಿಸಬೇಕು, ವಧೂವರರು ಸಹಿ ಮಾಡಬೇಕು ಎಂದು ಅದರಲ್ಲಿದೆ. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿಯ ಮದುವೆಯಲ್ಲಿ ಅಂಥ ಪಟ್ಟಿ ಬರೆದಿದ್ದಾರೆ? ಒಂದು ಕೈಯೂ ಮೇಲೆ ಬರುವುದಿಲ್ಲ. ಮದುವೆಮನೆಯಲ್ಲಿ ಪಟ್ಟಿ ಬರೆಯಬೇಕೆಂದರೆ "ಶುಭ ಕಾರ್ಯದಲ್ಲಿ ಇದೆಂಥ ವ್ಯಾಪಾರ" ಎಂದು ಹಿರಿಯರು ಸಿಟ್ಟಾಗುತ್ತಾರೆ. ಮದುವೆ ಮುರಿದ ದಿನ ಆ ಪಟ್ಟಿ ಇಲ್ಲದ ನಷ್ಟ ಹಿರಿಯರಿಗಲ್ಲ, ಹುಡುಗಿಗೆ. ಬರೆಯದೇ ಹೋದ ಮಾತಿನ ಬೆಲೆಯನ್ನು ಕೊನೆಗೆ ತೆರುವವಳು ಹೆಣ್ಣು. ಮನೆಯಲ್ಲಿ ಕಲಿತ ಈ ಪಾಠವನ್ನು ಕೆಲಸದ ಜಾಗದಲ್ಲಾದರೂ ನಾವು ಮರೆಯಬಾರದು.

ಈಗ ಸುತ್ತಲೂ ನೋಡಿ. ನಮ್ಮ ಸಂಘಗಳ ಹೆಂಗಸರಿಗೆ ಸಿಗುತ್ತಿರುವ ಕೆಲಸಗಳಲ್ಲಿ ಹೆಚ್ಚಿನವು ಸ್ವಲ್ಪ ಕಾಲದವು. ದಸರಾ, ಈದ್, ಕ್ರಿಸ್‌ಮಸ್ ಸಮಯದಲ್ಲಿ ಬಟ್ಟೆ ಅಂಗಡಿಯಲ್ಲಿ ಎರಡು ತಿಂಗಳು. ಮದುವೆಯ ದಿನಗಳಲ್ಲಿ ಅಡುಗೆಯವರ ಜೊತೆ. ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರನ್ನು ನೋಡಿಕೊಳ್ಳಲು ಹೋಂ ನರ್ಸ್ ಎಂದು ಮೂರು ತಿಂಗಳು. ಕಚೇರಿಗಳಲ್ಲಿ ಹನ್ನೊಂದು ತಿಂಗಳ ಗುತ್ತಿಗೆ. ಇನ್ನು ಗಲ್ಫಿಗೆ ಮನೆಕೆಲಸಕ್ಕೆ ಎರಡು ವರ್ಷ. "ಸ್ವಲ್ಪ ದಿನದ ಕೆಲಸ ತಾನೇ, ಅದಕ್ಕೆಂಥ ಕಾಗದ ಓದುವುದು" ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಕಾಗದ ಹೆಚ್ಚು ಬೇಕಾಗುವುದು ಇಂಥ ಕೆಲಸಕ್ಕೇ. ಇಪ್ಪತ್ತು ವರ್ಷ ಒಂದೇ ಕಡೆ ದುಡಿದವಳಿಗೆ ಸಾಕ್ಷಿ ಹೇಳಲು ಜೊತೆಯವರಿರುತ್ತಾರೆ. ಮೂರು ತಿಂಗಳು ದುಡಿದವಳಿಗೆ ಆ ಕಾಗದ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಕುದ್ರೋಳಿಯವರಿಗೆ ಕಾಗದದ ಬೆಲೆಯನ್ನು ನಾನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಅಜ್ಜಿಯಂದಿರು, ತಾಯಂದಿರು ಬೀಡಿ ಕಟ್ಟಿದವರು. ಎಲೆ, ಹೊಗೆಸೊಪ್ಪು, ನೂಲು ತಂದು ಮನೆಯ ಜಗಲಿಯಲ್ಲಿ ಕುಳಿತು ಸಾವಿರದ ಲೆಕ್ಕದಲ್ಲಿ ಕಟ್ಟಿ ಬ್ರಾಂಚಿಗೆ ಕೊಟ್ಟವರು. ಇವರ ಯಜಮಾನ ಯಾರು? ಗುತ್ತಿಗೆದಾರನನ್ನು ಕೇಳಿದರೆ ಕಂಪೆನಿಯತ್ತ ಕೈ ತೋರಿಸುವುದು. ಕಂಪೆನಿಯನ್ನು ಕೇಳಿದರೆ "ಅವರು ತಮ್ಮ ಮನೆಯಲ್ಲಿ ಕುಳಿತು ಕಟ್ಟುವವರು, ನಮ್ಮ ಕೆಲಸದವರಲ್ಲ" ಎನ್ನುವುದು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ, ಗುತ್ತಿಗೆದಾರನ ಹಿಂದಿರುವ ಮುಖ್ಯ ಮಾಲಿಕನಿಗೂ ಹೊಣೆಯಿದೆ ಎಂಬುದು ಅದರ ತಿರುಳು. ಮಾಲಿಕರು ಅದನ್ನು ಪ್ರಶ್ನಿಸಿದರು. ನಮ್ಮ ಊರಿನ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರಿನಲ್ಲೇ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆಮೇಲೆ ಬೀಡಿಯ ಪುಸ್ತಕದಲ್ಲಿ ತನ್ನ ಹೆಸರಿದ್ದವಳು ಪಿ.ಎಫ್. ಕೇಳಿದಳು, ಬೋನಸ್ ಕೇಳಿದಳು. ಒಂದೇ ಜಗಲಿಯಲ್ಲಿ ಕುಳಿತು ಅಷ್ಟೇ ಕಟ್ಟಿದರೂ ಬೇರೆಯವರ ಹೆಸರಿನ ಪುಸ್ತಕಕ್ಕೆ ಕಟ್ಟಿದವಳಿಗೆ ಏನೂ ಸಿಗಲಿಲ್ಲ. ದುಡಿಮೆ ಒಂದೇ, ಬೆರಳಿನ ನೋವು ಒಂದೇ. ವ್ಯತ್ಯಾಸ ಇದ್ದದ್ದು ಕಾಗದದಲ್ಲಿ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ನಿವೃತ್ತಳಾದ ಮೇಲೆ ಹಳೆಯ ವಿದ್ಯಾರ್ಥಿನಿಯರು, ಅವರ ಪರಿಚಯದವರು ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅದರಲ್ಲಿ ಒಂದನ್ನು ಹೇಳುತ್ತೇನೆ. ಹೆಸರು ಬೇಡ. ಗಂಡನ ಕುಡಿತ, ಹೊಡೆತದಿಂದ ಬೇಸತ್ತ ಒಬ್ಬ ತಾಯಿ, ಇಬ್ಬರು ಮಕ್ಕಳು. ಒಂದು ಏಜೆನ್ಸಿಯವರ ಮೂಲಕ ಹೋಂ ನರ್ಸ್ ಕೆಲಸ ಸಿಕ್ಕಿತು. ಮೂರು ತಿಂಗಳು ಆ ಮನೆಯಲ್ಲೇ ಇರಬೇಕು. ಅವಳಿಗೆ ಅದು ಸಂಬಳಕ್ಕಿಂತ ಹೆಚ್ಚಿನದು, ಉಸಿರಾಡುವ ಜಾಗ. ಕಾಗದಕ್ಕೆ ಸಹಿ ಹಾಕಿದ್ದೂ ಆಯಿತು. ತಿಂಗಳು ಮುಗಿದರೂ ಕೈಗೆ ಕಾಸು ಬರಲಿಲ್ಲ. ವಿಚಾರಿಸಿದರೆ ಕಾಗದದ ಎರಡನೇ ಪುಟದಲ್ಲಿ ಜಾಮೀನುದಾರ ಎಂದು ಗಂಡನ ಸಹಿ ಇದೆ, ಸಂಬಳ ಹಾಕಬೇಕಾದ ಬ್ಯಾಂಕ್ ಖಾತೆಯೂ ಅವನದೇ! ಯಾವ ಮನುಷ್ಯನಿಂದ ತಪ್ಪಿಸಿಕೊಳ್ಳಲು ಅವಳು ಕೆಲಸಕ್ಕೆ ಹೋದಳೋ ಅವನ ಜೇಬಿಗೇ ಅವಳ ದುಡಿಮೆ ಹೋಗುತ್ತಿತ್ತು. ಆ ಕಾಗದ ಕನ್ನಡದಲ್ಲೇ ಇತ್ತು, ಅವಳು ಎಸ್‌.ಎಸ್‌.ಎಲ್‌.ಸಿ. ಓದಿದವಳೇ. "ಇಲ್ಲಿ ಸಹಿ, ಇಲ್ಲಿ ಸಹಿ" ಎಂದು ಅವಸರ ಮಾಡಿದ್ದರಿಂದ ಪುಟ ತಿರುವಲು ಬಿಡುವು ಸಿಕ್ಕಿರಲಿಲ್ಲ. ಆಮೇಲೆ ಸಂಘದ ಇಬ್ಬರು ಜೊತೆಗೆ ಹೋಗಿ, ತನ್ನ ಖಾತೆಗೇ ಸಂಬಳ ಹಾಕಬೇಕೆಂದು ಬರೆದು ಕೊಟ್ಟು, ಮುಂದಿನ ತಿಂಗಳಿಂದ ಸರಿಯಾಯಿತು. ಹೋದ ತಿಂಗಳಿನದು ಹೋಯಿತು.

ಹಾಗಾದರೆ ಕಾಗದದಲ್ಲಿ ಏನು ನೋಡಬೇಕು? ಒಂದೊಂದಾಗಿ ಹೇಳುತ್ತೇನೆ, ಬೇಕಾದವರು ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದನೆಯದು, ಯಜಮಾನ ಯಾರು? ಏಜೆನ್ಸಿಯವರೋ, ಮನೆಯವರೋ, ಗುತ್ತಿಗೆದಾರನೋ? ಹೆಸರು, ವಿಳಾಸ, ಫೋನ್ ನಂಬರ್ ಸಮೇತ ಇರಬೇಕು. ಬೀಡಿಯ ಕಥೆ ನೆನಪಿಡಿ. ಸಂಬಳ ಕೊಡಬೇಕಾದವರು ಯಾರೆಂದು ಗೊತ್ತಿಲ್ಲದಿದ್ದರೆ ಸಂಬಳ ಬಾರದ ದಿನ ಯಾರ ಬಾಗಿಲು ತಟ್ಟುವುದು?

ಎರಡನೆಯದು, ಕೆಲಸ ಏನು, ಎಲ್ಲಿ, ಎಷ್ಟು ಹೊತ್ತು? ರೋಗಿಯನ್ನು ನೋಡಿಕೊಳ್ಳಲು ಕರೆದು, ಹೋದ ಮೇಲೆ ಇಡೀ ಮನೆಯ ಅಡುಗೆ, ಬಟ್ಟೆ, ಪಾತ್ರೆ ಹೊರಿಸುವುದು ಸಾಮಾನ್ಯ. ಏನೇನು ಮಾಡಬೇಕೆಂದು ಬರೆದಿದ್ದರೆ ಹೆಚ್ಚಿನದಕ್ಕೆ ಇಲ್ಲ ಎನ್ನಬಹುದು, ಇಲ್ಲವೇ ಹೆಚ್ಚಿನ ಹಣ ಕೇಳಬಹುದು. ರಾತ್ರಿ ಮಲಗಲು ಬಾಗಿಲು ಹಾಕಿಕೊಳ್ಳುವ ಜಾಗ ಇದೆಯೇ ಎಂಬುದನ್ನೂ ಕೇಳಿ. ಇದು ನಾಚಿಕೆಯ ವಿಷಯವಲ್ಲ.

ಮೂರನೆಯದು ಸಂಬಳ. ಹೇಳುವ ಸಂಬಳ ಬೇರೆ, ಕೈಗೆ ಬರುವ ಸಂಬಳ ಬೇರೆ. ಉದಾಹರಣೆಗೆ ಒಂದು ಲೆಕ್ಕ ಮಾಡೋಣ. ತಿಂಗಳಿಗೆ 20,000 ರೂಪಾಯಿ, ಮೂರು ತಿಂಗಳಿಗೆ 60,000. ಏಜೆನ್ಸಿಗೆ ಪ್ರತಿ ತಿಂಗಳು ಹತ್ತರಲ್ಲೊಂದು ಪಾಲು ಎಂದಿದ್ದರೆ 6,000 ಹೋಯಿತು. ಊಟಕ್ಕೆಂದು ದಿನಕ್ಕೆ 100 ಹಿಡಿದರೆ 90 ದಿನಕ್ಕೆ 9,000. ಠೇವಣಿ 5,000. ಸಮವಸ್ತ್ರಕ್ಕೆ 1,500. ಒಟ್ಟು 21,500 ಕಳೆದರೆ ಉಳಿದದ್ದು 38,500. ತಿಂಗಳಿಗೆ 13,000ವೂ ಇಲ್ಲ! ಸಹಿ ಹಾಕುವ ಮೊದಲು ಈ ಲೆಕ್ಕ ಮಾಡಿದವಳು ಒಪ್ಪಲೂಬಹುದು, ಬಿಡಲೂಬಹುದು. ಆಮೇಲೆ ಮಾಡಿದವಳು ಅಳಬಹುದು ಅಷ್ಟೇ. ಸಂಬಳ ಯಾವ ತಾರೀಖಿಗೆ, ಯಾರ ಖಾತೆಗೆ, ಠೇವಣಿ ವಾಪಸು ಯಾವಾಗ ಎಂಬುದೂ ಬರಹದಲ್ಲಿರಲಿ. ಖಾತೆ ನಿಮ್ಮದೇ ಇರಲಿ.

ನಾಲ್ಕನೆಯದು, ರಜೆ ಮತ್ತು ಬಿಡುವ ದಾರಿ. ವಾರಕ್ಕೊಂದು ದಿನ ರಜೆ ಇದೆಯೇ? ಮಗುವಿಗೆ ಜ್ವರ ಬಂದರೆ ಏನು? ಅವಧಿಗೆ ಮೊದಲು ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು? ಅವರು ತೆಗೆದುಹಾಕುವುದಾದರೆ ಎಷ್ಟು ದಿನ ಮುಂಚೆ ಹೇಳುತ್ತಾರೆ? ಒಂದು ಕಡೆಗೆ ಮಾತ್ರ ದಂಡ ಹಾಕಿದ ಕಾಗದ ಕರಾರಲ್ಲ, ಹಗ್ಗ.

ಐದನೆಯದು, ನಿಮ್ಮ ದಾಖಲೆಗಳು. ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡ್, ಇವುಗಳ ಝೆರಾಕ್ಸ್ ಕೊಡಿ, ಅಸಲು ಕೊಡಬೇಡಿ. ಬರೆಯದ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ, ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಹೇಳುವವರು ಏಜೆಂಟ್ ಆಗಿರಬಾರದು. ಒಂದು ಪ್ರತಿ ನಿಮಗೆ ಬೇಕೇ ಬೇಕು. ಕೊಡುವುದಿಲ್ಲ ಎಂದರೆ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅದಕ್ಕೂ ಬಿಡದವರ ಕೆಲಸ ಬೇಡ.

ಇನ್ನು ಕಾಯಿದೆ ಏನು ಹೇಳುತ್ತದೆ? 1872ರ ಕರಾರು ಕಾಯಿದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು. ಬೆದರಿಸಿ, ಮೋಸ ಮಾಡಿ, ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಕೊಟ್ಟವಳು ರದ್ದು ಮಾಡಿಸಬಹುದು. ಹದಿನೆಂಟು ತುಂಬದ ಹುಡುಗಿಯ ಸಹಿಗೆ ಕರಾರಿನ ಬಲವೇ ಇಲ್ಲ. ಬಾಯಿಮಾತಿನ ಕರಾರೂ ಕರಾರೇ, ಆದರೆ ರುಜುವಾತು ಮಾಡುವುದು ಕಷ್ಟ. ಅರ್ಧಕ್ಕೆ ಬಿಟ್ಟರೆ ಇಷ್ಟು ದಂಡ ಎಂದು ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ. ದಂಡದ ಮಾತು ಹೇಳಿ ನಿಮ್ಮನ್ನು ಕೂಡಿಹಾಕಲು ಯಾರಿಗೂ ಹಕ್ಕಿಲ್ಲ. ಮುಂಗಡ ಕೊಟ್ಟು ದುಡಿಮೆಗೆ ಕಟ್ಟಿಹಾಕುವುದು ಜೀತ. ಅದನ್ನು 1976ರಲ್ಲೇ ನಿಷೇಧಿಸಿದ್ದಾರೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ದೆಹಲಿಯ ಏಷ್ಯಾಡ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಬೀಡಿ ಕಾಯಿದೆಯೂ ಅದರೊಳಗೆ ಸೇರಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ನೌಕರರಿಗೆ ನೇಮಕಾತಿ ಪತ್ರ ಕೊಡಬೇಕು ಎಂದು ಅದರಲ್ಲಿದೆ. ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಆದ್ದರಿಂದ ಬಟ್ಟೆ ಅಂಗಡಿಯಲ್ಲಿ ಎರಡೇ ತಿಂಗಳಾದರೂ "ಪತ್ರ ಕೊಡಿ" ಎಂದು ಕೇಳುವುದು ಧಿಮಾಕು ಅಲ್ಲ. ಒಂದು ಮನೆಯೊಳಗೆ ಒಬ್ಬಳೇ ದುಡಿಯುವವಳಿಗೆ ಈ ನೇಮಕಾತಿ ಪತ್ರದ ರಕ್ಷಣೆ ಇಲ್ಲ. ಹಾಗಾಗಿ ಅವಳಿಗೆ ಸ್ವಂತ ಕರಾರು ಪತ್ರ ಇನ್ನೂ ಮುಖ್ಯ. ಆದರೆ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯಿದೆ ಮನೆಕೆಲಸದವಳಿಗೂ ಅನ್ವಯಿಸುತ್ತದೆ. ದೂರು ಕೊಡಲು ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ಗಲ್ಫ್ ಮಾತು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಅಲ್ಲಿ ಕೂಗಿದರೆ ಕುದ್ರೋಳಿಗೆ ಕೇಳಿಸುವುದಿಲ್ಲ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರ್ಕಾರದ ಅನುಮತಿ ಬೇಕು. ಇಂಥವರಲ್ಲಿ ಮನೆಕೆಲಸಕ್ಕೆ ಹೋಗುವ ಹೆಂಗಸಿಗೆ ಮೂವತ್ತು ವರ್ಷ ತುಂಬಿರಬೇಕು. "ಇದೆಲ್ಲ ಯಾಕೆ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿಮಾಡುತ್ತೇವೆ" ಎನ್ನುವ ಏಜೆಂಟ್ ನಿಮ್ಮ ಹೆಸರನ್ನು ಸರ್ಕಾರದ ಲೆಕ್ಕದಿಂದಲೇ ಅಳಿಸುತ್ತಿದ್ದಾನೆ. ನೋಂದಾಯಿತ ಏಜೆಂಟ್ ಕೂಡಾ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ಕೊಡಲೇಬೇಕು. ಇಲ್ಲಿ ತೋರಿಸಿದ ಕರಾರೂ ಅಲ್ಲಿ ಸಹಿ ಮಾಡಿಸುವ ಕರಾರೂ ಒಂದೇ ಆಗಿರಬೇಕು. ಆದ್ದರಿಂದ ಇಲ್ಲಿನ ಪ್ರತಿಯನ್ನು ತಾಯಿಮನೆಯಲ್ಲೊಂದು, ಸಂಘದಲ್ಲೊಂದು ಇಟ್ಟು ಹೋಗಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಮನೆಯ ಯಜಮಾನ ಇಟ್ಟುಕೊಳ್ಳುವಂಥದ್ದಲ್ಲ. ಆ ದೇಶಗಳಲ್ಲೂ ಕಾಯಿದೆ ಇಲ್ಲವೆಂದಲ್ಲ. ಕುವೈತ್ 2015ರಲ್ಲಿ ಮನೆಕೆಲಸದವರಿಗೆ ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಯ ಮಿತಿ ಎಂದು ಕಾಯಿದೆ ಮಾಡಿತು. ಕರಾರು ಕೈಯಲ್ಲಿದ್ದವಳಿಗೆ ಅದನ್ನು ಕೇಳಲು ಒಂದು ಆಧಾರ ಇರುತ್ತದೆ.

ಇಷ್ಟು ಹೊತ್ತು ಬೇರೆಯವರ ಹೊಣೆ ಹೇಳಿದೆ. ಇನ್ನು ನಮ್ಮದು. ಇದು ಕೆಲವರಿಗೆ ರುಚಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ.

ಓದಿ, ಲೆಕ್ಕ ಹಾಕಿ, ಒಪ್ಪಿ ಸಹಿ ಹಾಕಿದ ಮೇಲೆ ಅದನ್ನು ನಡೆಸಿಕೊಡಬೇಕು. ಮೂರು ತಿಂಗಳು ಎಂದು ಒಪ್ಪಿ, ಬೇರೆ ಕಡೆ ಐನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಇಪ್ಪತ್ತನೇ ದಿನ ಹೇಳದೆ ಕೇಳದೆ ಬಿಟ್ಟು ಬಂದರೆ? ಮಲಗಿದಲ್ಲೇ ಇರುವ ಒಬ್ಬ ಮುದುಕಿಯ ಔಷಧಿ ತಪ್ಪಿತು. ಅವಳನ್ನು ನೋಡಿಕೊಳ್ಳಲು ಆ ಮನೆಯ ಸೊಸೆ ತನ್ನ ನೌಕರಿಗೆ ರಜೆ ಹಾಕಿದಳು. ಅಂದರೆ ನಮ್ಮ ಮಾತು ತಪ್ಪಿದ ಹೊರೆ ಇನ್ನೊಬ್ಬ ಹೆಣ್ಣಿನ ತಲೆಗೇ ಬಂತು. ಮುಂದೆ ನಮ್ಮ ಸಂಘದಿಂದ ಹೋಗುವವಳಿಗೆ "ನಿಮ್ಮವರನ್ನು ನಂಬಲಿಕ್ಕಾಗುವುದಿಲ್ಲ, ಠೇವಣಿ ಇಡಿ" ಎನ್ನುತ್ತಾರೆ. ಸಂಘದ ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರ ಸಾಲಕ್ಕೆ ತೊಂದರೆ ಬರುವುದಿಲ್ಲವೇ? ಇದೂ ಹಾಗೆಯೇ.

ಇದರಲ್ಲಿ ಇನ್ನೂ ಆಳದ ಒಂದು ಮಾತಿದೆ. ನಮ್ಮ ಪರವಾಗಿ ಮಾತು ಕೊಡುವವರು ಯಾವಾಗಲೂ ಬೇರೆಯವರು. ನಿಶ್ಚಿತಾರ್ಥದಲ್ಲಿ ವೀಳ್ಯ ಬದಲಾಯಿಸಿಕೊಳ್ಳುವವರು ಗಂಡಸರು. ಈ ಕೇರಿಯ ಮುಸ್ಲಿಂ ಸಹೋದರಿಯರ ನಿಕಾಹ್ ಒಂದು ಕರಾರು. ಅಲ್ಲಿ ಮಹರ್ ಗೊತ್ತುಮಾಡಬೇಕು, ಹುಡುಗಿಯ ಒಪ್ಪಿಗೆ ಕೇಳಬೇಕು. ಆದರೂ ಮಹರ್ ಎಷ್ಟೆಂದು ನಿರ್ಧರಿಸುವಾಗ ಅವಳ ಮಾತನ್ನು ಎಷ್ಟು ಮನೆಗಳಲ್ಲಿ ಕೇಳುತ್ತಾರೆ? ಕೆಲಸದ ಕರಾರಿನಲ್ಲಿ ಹೆಣ್ಣು ತನ್ನ ಹೆಸರಿನಲ್ಲಿ, ತನ್ನ ಕೈಯಿಂದ ಮಾತು ಕೊಡುತ್ತಾಳೆ. ಅಪ್ಪನೂ ಅಲ್ಲ, ಗಂಡನೂ ಅಲ್ಲ, ಮಗನೂ ಅಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮಾತು ಕೊಡುವ ಹಕ್ಕು ನಮಗೂ ಇದೆ ಎಂದು ಹೇಳುವವರು ಅದನ್ನು ಉಳಿಸಿಕೊಳ್ಳುವ ಹೊಣೆಯನ್ನೂ ಹೊರಬೇಕು.

ಹಾಗೆಂದು ಎಲ್ಲವನ್ನೂ ಸಹಿಸಿಕೊಂಡು ಕರಾರು ಮುಗಿಸಿ ಎಂದು ನಾನು ಹೇಳುತ್ತಿಲ್ಲ. "ಹೊಂದಿಕೊಂಡು ಹೋಗು" ಎಂಬ ಮಾತು ಎಷ್ಟು ಹೆಣ್ಣುಮಕ್ಕಳನ್ನು ಬಲಿ ತೆಗೆದುಕೊಂಡಿದೆ ಎಂದು ನಮಗೆ ಗೊತ್ತು. ಮೈಮೇಲೆ ಕೈ ಮಾಡಿದರೆ, ಕೂಡಿಹಾಕಿದರೆ, ಅನ್ನ ಕೊಡದಿದ್ದರೆ, ಸಂಬಳ ಕೊಡದಿದ್ದರೆ ಮಾತು ಮುರಿದವರು ಅವರು, ನಾವಲ್ಲ. ಅಂಥ ಕಡೆಯಿಂದ ಆ ಕ್ಷಣವೇ ಹೊರಬನ್ನಿ. ಕೆಲಸ ಮಾಡಲೇಬೇಕೆಂದು ಯಾವ ನ್ಯಾಯಾಲಯವೂ ನಿಮ್ಮನ್ನು ಎಳೆದುಕೊಂಡು ಹೋಗಿ ಕೂರಿಸುವುದಿಲ್ಲ. ಬೇರೆ ಕಷ್ಟಗಳಿಗಾಗಿ ಬಿಡಬೇಕಾದರೆ ಕಾಗದದಲ್ಲಿ ಹೇಳಿದಷ್ಟು ದಿನ ಮುಂಚೆ ಬರೆದು ಕೊಡಿ, ಮುಂಗಡ ಪಡೆದಿದ್ದರೆ ಲೆಕ್ಕ ಮಾಡಿ ತೀರಿಸಿ, ಸಹಿ ಪಡೆದು ಬನ್ನಿ. ತಲೆಯೆತ್ತಿ ಹೊರಬರುವುದು ಎಂದರೆ ಅದು.

ದುಡಿದ ಹಣದ ಬಗ್ಗೆ ಒಂದು ಮಾತು. ಬೀಡಿ ಕಟ್ಟಿ ತನ್ನ ಮದುವೆಯ ಚಿನ್ನವನ್ನು ತಾನೇ ಮಾಡಿಸಿಕೊಂಡ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ. ಆ ಚಿನ್ನ ಅತ್ತೆಮನೆಯ ಕಪಾಟು ಸೇರಿದ ಮೇಲೆ ಅವಳ ಕೈಗೆ ಮತ್ತೆ ಬರಲಿಲ್ಲ. ಹಿಂದೂ ಹೆಣ್ಣು ತನ್ನ ದುಡಿಮೆಯಿಂದ ಗಳಿಸಿದ್ದು ಪೂರ್ತಿ ಅವಳದೇ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮು ಹೇಳುತ್ತದೆ. ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುವ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಹೆಣ್ಣಿಗೆ ಸೇರಬೇಕಾದ ಹಣಕಾಸನ್ನು, ಸ್ತ್ರೀಧನವನ್ನು ಕಸಿಯುವುದನ್ನೂ ಹಿಂಸೆ ಎಂದೇ ಕರೆಯುತ್ತದೆ. ಗಂಡ ಅವಳ ಕೆಲಸದ ಜಾಗಕ್ಕೆ ಬಂದು ಗಲಾಟೆ ಮಾಡದಂತೆ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಕೆಲಸ ಉಳಿದರೆ ಮಾತ್ರ ಉಳಿದದ್ದೆಲ್ಲ ಉಳಿಯುತ್ತದೆ.

ಕೊನೆಗೆ ಸಂಘಕ್ಕೆ ನನ್ನ ಮೂರು ಕೋರಿಕೆಗಳು. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹದಿನೈದು ನಿಮಿಷ ಕಾಗದ ಓದುವುದಕ್ಕೆ ಇಡಿ. ಯಾರಿಗೆ ಹೊಸ ಕೆಲಸ ಸಿಕ್ಕಿದೆಯೋ ಅವರ ಕಾಗದವನ್ನು ಓದು ಬಲ್ಲ ಒಬ್ಬಳು ಗಟ್ಟಿಯಾಗಿ ಓದಲಿ, ಉಳಿದವರು ಪ್ರಶ್ನೆ ಕೇಳಲಿ. ಎರಡನೆಯದು, ಒಂದು ಫೈಲು ಮಾಡಿ ಪ್ರತಿಯೊಬ್ಬಳ ಕರಾರಿನ ಪ್ರತಿ ಇಡಿ, ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಬರೆದಿಡಿ. ಮೂರನೆಯದು, ಸಹಿ ಹಾಕಲು ಯಾರನ್ನೂ ಒಂಟಿಯಾಗಿ ಕಳುಹಿಸಬೇಡಿ. ಜೊತೆಯಲ್ಲಿ ಇನ್ನೊಬ್ಬಳು ಕುಳಿತಿದ್ದರೆ "ಬೇಗ ಸಹಿ ಹಾಕಿ" ಎನ್ನುವವರ ಅವಸರ ತನ್ನಿಂದ ತಾನೇ ಕಡಿಮೆಯಾಗುತ್ತದೆ.

ತೊಂದರೆ ಬಂದರೆ ಮಂಗಳೂರಿನಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯಿದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣಾದವಳಿಗೆ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. 15100 ಆ ಸೇವೆಯ ಫೋನ್ ನಂಬರ್, 181 ಮಹಿಳಾ ಸಹಾಯವಾಣಿ. ಸಂಘದ ಪುಸ್ತಕದ ಮೊದಲ ಪುಟದಲ್ಲೇ ಇವನ್ನು ಬರೆದಿಡಿ.

ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರು ಸಂಘಕ್ಕೆ ಬಂದು ಸಹಿ ಕಲಿತರು. ಅದಕ್ಕೆ ನಾವೆಲ್ಲ ಹೆಮ್ಮೆಪಟ್ಟೆವು. ಇನ್ನು ಆ ಸಹಿಯ ಮೇಲಿನ ಸಾಲುಗಳನ್ನು ಓದುವ ಅಭ್ಯಾಸ ಮಾಡೋಣ. ಈ ವಾರದ ಸಭೆಯಿಂದಲೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.